ಮಂಚದ ಗಾಡಿಯ ಪಾಸಿಂಗ್

ಪಾಸಿಂಗಿನ ದಿನ ಆ ಗಾಡಿಯ ನೀರಿನ ಟ್ಯಾಂಕು ತುಂಬಿಸಿದವನು ನಾನೇ. ಎರಡು ಬಕೆಟ್ ನೀರು, ಬೈಕುಲ್ಲಾದ ನಮ್ಮ ಗ್ಯಾರೇಜಿನ ನಲ್ಲಿಯದು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಿದರೆ, ಅದರಲ್ಲಿ ತಪ್ಪೇನಿದೆ, ಟ್ಯಾಂಕು ಇರುವುದೇ ನೀರು ತುಂಬಲಿಕ್ಕೆ ಅಲ್ಲವೇ ಎಂದು ಕೇಳುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಾನು ಗ್ಯಾರೇಜಿನಲ್ಲಿ ಪಾಸಿಂಗ್ ಕೆಲಸ ನೋಡಿಕೊಳ್ಳುತ್ತಿದ್ದೆ. ಗಾಡಿ ರಸ್ತೆಯ ಮೇಲೆ ಓಡಲು ಯೋಗ್ಯವಾಗಿದೆ ಎಂದು ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರರಿಂದ ಒಪ್ಪಿಗೆ ತರುವುದಕ್ಕೆ ಮುಂಬೈಯಲ್ಲಿ ಪಾಸಿಂಗ್ ಅನ್ನುತ್ತಾರೆ. ಟ್ಯಾಕ್ಸಿ, ಟೆಂಪೋಗಳಿಗೆ ಅದು ವರ್ಷ ವರ್ಷದ ಕೆಲಸ. ಹೊಸ ಕಾಯಿದೆ ಬಂದ ಮೇಲೆ ಖಾಸಗಿ ಗಾಡಿಗಳೂ ಹದಿನೈದು ವರ್ಷ ತುಂಬಿದರೆ ತಪಾಸಣೆಗೆ ನಿಲ್ಲಬೇಕಾಯಿತು. ಮೆಟ್ರಿಕ್ ಪಾಸಾಗಿದ್ದ ನನಗೆ ಫಾರ್ಮು ತುಂಬಲು ಬರುತ್ತಿತ್ತು, ಪಾನಾ, ಅಂದರೆ ಸ್ಪ್ಯಾನರ್ ಹಿಡಿಯಲೂ ಬರುತ್ತಿತ್ತು. ಎರಡೂ ಬರುವವರು ಕಡಿಮೆ ಇದ್ದುದರಿಂದ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಈ ಕೆಲಸಕ್ಕೆ ಒಂದು ರೀತಿ ಇದೆ. ಹೆಣ್ಣು ನೋಡಲು ಬರುವ ದಿನ ಹರಕು ಚಾಪೆಯನ್ನು ಒಳಗಿಟ್ಟು ಪಕ್ಕದ ಮನೆಯ ಕುರ್ಚಿ ತಂದಿಡುವುದಿಲ್ಲವೇ, ಹಾಗೆ. ಪಾಸಿಂಗಿನ ದಿನ ಗಾಡಿಯಿಂದ ಪರದೆ, ಕ್ಯಾರಿಯರ್, ಮ್ಯೂಸಿಕ್ ಹಾರ್ನ್ ಬಿಚ್ಚಿ ಇಡುತ್ತೇವೆ. ಸವೆದ ಟೈರಿದ್ದರೆ ಒಂದು ದಿನದ ಮಟ್ಟಿಗೆ ಬೇರೆ ಟೈರು ತಂದು ಹಾಕುತ್ತೇವೆ. ಬ್ರೇಕ್ ಶೂಗಳನ್ನು ಡ್ರಮ್ಮಿಗೆ ತಾಗುವಷ್ಟು ಬಿಗಿ ಮಾಡುತ್ತೇವೆ. ಪೆಡಲ್ ಮುಟ್ಟಿದರೆ ಸಾಕು, ಗಾಡಿ ಹೂತ ಗೂಟದಂತೆ ನಿಲ್ಲಬೇಕು. ಇದಕ್ಕೆ ನಾವು ಪಾಸಿಂಗ್ ಬ್ರೇಕ್ ಅನ್ನುತ್ತಿದ್ದೆವು. ಆದರೆ ಪಾಸಾದ ದಿನವೇ ಅದನ್ನು ಇಳಿಸಬೇಕು, ಅಂದರೆ ಮತ್ತೆ ಸಡಿಲ ಮಾಡಬೇಕು. ಬಿಗಿಯಾಗಿಯೇ ಬಿಟ್ಟರೆ ಓಡುತ್ತ ಓಡುತ್ತ ಡ್ರಮ್ ಕಾಯುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಘಾಟಿನಲ್ಲಿ ಒತ್ತಿದ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ.

ಆ ವರ್ಷ ಹೋಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಗ್ಯಾರೇಜಿನ ಮುಂದೆ ನಾವು ಯಾರೂ ಕೆಲಸ ಮಾಡಿ ನೋಡದಂಥ ಗಾಡಿ ಬಂದು ನಿಂತಿತು. ವಿದೇಶೀ ವ್ಯಾನ್. ಯಾರೋ ಬಿಳಿಯ ದಂಪತಿಗಳು ಎಪ್ಪತ್ತರ ದಶಕದಲ್ಲಿ ಯುರೋಪಿನಿಂದ ಇರಾನಿನ ದಾರಿಯಲ್ಲಿ ಓಡಿಸಿಕೊಂಡು ಬಂದು ಮುಂಬೈಯಲ್ಲಿ ಮಾರಿ ಹೋಗಿದ್ದರಂತೆ. ಎಂಜಿನ್ ಹಿಂದೆ, ಸ್ಟಿಯರಿಂಗ್ ಎಡಕ್ಕೆ. ಒಳಗೆ ಒಬ್ಬರು ಕಾಲು ಚಾಚಿ ಮಲಗುವ ಮಂಚ, ಎರಡು ಬರ್ನರಿನ ಒಲೆ, ಪುಟ್ಟ ಸಿಂಕು, ಅದಕ್ಕೊಂದು ನಲ್ಲಿ. ಛಾವಣಿಯನ್ನು ಮೇಲೆತ್ತಿದರೆ ಕ್ಯಾನ್ವಾಸಿನ ಗೂಡು.

ಇಳಿದವರು ಅರವತ್ತು ದಾಟಿದ ಸಾಹೇಬರು. ನನ್ನ ಮಾತಿನ ಧಾಟಿ ಕೇಳಿ ಮುಖ ಅರಳಿಸಿದರು. "ಅಯ್ಯೋ, ಕನ್ನಡದವನಾ ನೀನು? ಯಾವ ಕಡೆ?"

"ಬಿಜಾಪುರ ಕಡಿಯಾಂವ್ರೀ."

"ನಮ್ಮದು ಮೈಸೂರು. ಇಲ್ಲಿ ಸಾಂತಾಕ್ರೂಜಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಮನೆ. ನೋಡಯ್ಯಾ, ಇದನ್ನ ಪಾಸ್ ಮಾಡಿಸಿಕೊಡು. ಮಳೆಗಾಲದೊಳಗೆ ಮೈಸೂರು ಸೇರಬೇಕು. ನಮ್ಮ ಮನೆಯವರು ಬಿದ್ದು ಬೆನ್ನು ಮುರಿದುಕೊಂಡಿದ್ದಾರೆ, ಕೂರೋ ಹಾಗಿಲ್ಲ. ರೈಲು ಹತ್ತಿಸಿ ಇಳಿಸೋದು ಆಗಲ್ಲ ಅಂತಾರೆ ಡಾಕ್ಟರು. ಮಲಗಿಸಿಕೊಂಡು, ಗಂಟೆಗೊಂದು ಸಲ ನಿಲ್ಲಿಸಿಕೊಂಡು ಹೋಗೋದಾದ್ರೆ ಸರಿ ಅಂದ್ರು. ಅದಕ್ಕೇ ಇದು."

ನಾನು ತಲೆಯಾಡಿಸಿ ಹಳೆಯ ಕಾಗದ ಕೇಳಿದೆ. ಅವರು ಕಾಗದದ ಜೊತೆ ಒಂದು ಅರ್ಜಿಗೆ ಸಹಿ ಹಾಕಿ ಕೊಟ್ಟರು. ಸಹಿಯ ಕೆಳಗೆ ಎರಡು ಅಡ್ಡ ಗೆರೆ, ಗೆರೆಯ ತುದಿಗೆ ಒಂದು ಚುಕ್ಕೆ.

ಆ ಸಹಿಯನ್ನು ನಾನು ಹತ್ತು ವರ್ಷದಿಂದ ಬಲ್ಲೆ.

ನನ್ನ ಅಣ್ಣ ಅಂಧೇರಿಯ ಒಂದು ಕಾರ್ಖಾನೆಯ ಸ್ಟಾಫ್ ಬಸ್ಸು ಓಡಿಸುತ್ತಿದ್ದ. ಅಲ್ಲಿನ ಬಸ್ಸು ಲಾರಿಗಳೆಲ್ಲ ಈ ಸಾಹೇಬರ ಸುಪರ್ದಿನಲ್ಲಿದ್ದವು. ಅಣ್ಣನಿಗೆ ಓದು ಬರಹ ಅಷ್ಟಕ್ಕಷ್ಟೆ. ಬಸ್ಸಿನ ಬ್ರೇಕ್ ಪೆಡಲ್ ಕೆಳಗಿಳಿಯುತ್ತಿದೆ ಎಂಬ ಚೀಟಿಯನ್ನು ಮೂರು ಸಲ ನಾನೇ ಬರೆದುಕೊಟ್ಟಿದ್ದೆ. ನನ್ನ ಕೈಬರಹ ದುಂಡಗೆ ಚೆನ್ನಾಗಿತ್ತು, ಸಾಹೇಬರಿಗೆ ತೊಂದರೆಯಾಗಬಾರದೆಂದು ಇನ್ನೂ ದುಂಡಗೆ ಬರೆದಿದ್ದೆ. ಮೂರನೆಯ ಚೀಟಿ ಹಿಡಿದು ಅಣ್ಣ ಮೂರು ದಿನ ಅವರ ಕ್ಯಾಬಿನ್ನಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಕಡೆಗೆ ಚೀಟಿ ವಾಪಸು ಬಂತು. ಮೇಲೆ 'ಪರೀಕ್ಷಿಸಲಾಗಿದೆ, ಬ್ರೇಕ್ ಸರಿ ಇದೆ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಈ ಸಹಿ. ಯಾರೂ ಬಸ್ಸಿನ ಹತ್ತಿರ ಕೂಡ ಬಂದಿರಲಿಲ್ಲ. ಅದೇ ವಾರ ಸೇತುವೆಯ ಇಳಿಜಾರಿನಲ್ಲಿ ಬಸ್ಸು ನಿಲ್ಲದೆ ಒಬ್ಬ ಕೈಗಾಡಿಯವನನ್ನು ಗೋಡೆಗೆ ಒತ್ತಿತು. ಅವನ ಕಾಲು ಹೋಯಿತು. ವಿಚಾರಣೆಯಲ್ಲಿ ಆ ಸಾಲೇ ಸಾಕ್ಷಿಯಾಯಿತು. ಬ್ರೇಕ್ ಸರಿ ಇತ್ತು, ಚಾಲಕನ ಅಜಾಗರೂಕತೆ. ಅಣ್ಣನ ಕೆಲಸ ಹೋಯಿತು, ಲೈಸೆನ್ಸ್ ಹೋಯಿತು. ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ವಾಚ್‌ಮನ್ ಆದ. ಆಮೇಲೆ ಅವನು ಸ್ಟಿಯರಿಂಗ್ ಮುಟ್ಟಲಿಲ್ಲ. ಆ ಚೀಟಿ ನಮ್ಮ ಚಾಳಿನ ಖೋಲಿಯಲ್ಲಿ, ಟ್ರಂಕಿನ ತಳದಲ್ಲಿ ಇತ್ತು.

ಸಾಹೇಬರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಅಣ್ಣನ ಹೆಸರಾದರೂ ನೆನಪಿತ್ತೋ ಇಲ್ಲವೋ. ನಾನು ಅರ್ಜಿಯನ್ನು ಮಡಚಿ ಜೇಬಿಗಿಟ್ಟು, "ಆತ್ರಿ ಸಾಹೇಬ್ರ, ನಾ ನೋಡ್ಕೋತೀನ್ರಿ" ಅಂದೆ.

ಆ ಹೊತ್ತಿಗೇ ನಿರ್ಧಾರ ಮಾಡಿದ್ದೆ. ಒಂದು ಸುಳ್ಳನ್ನೂ ಬರೆಯಬಾರದು. ಒಂದು ಬೋಲ್ಟನ್ನೂ ಕೆಡಿಸಬಾರದು. ನಿಯಮ ಹೇಗಿದೆಯೋ ಹಾಗೆ, ಪೂರ್ತಿ, ಒಂದೂ ಬಿಡದೆ ಗಾಡಿಯ ಮೇಲೆ ಬೀಳಲು ಬಿಡುವುದು. ನಿಯಮವನ್ನು ಪೂರ್ತಿ ಪಾಲಿಸಿದರೆ ಯಾವ ಹಳೆಯ ಗಾಡಿಯೂ ಪಾಸಾಗುವುದಿಲ್ಲ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಸಾಂತಾಕ್ರೂಜಿನ ಗಾಡಿಗಳ ಪಾಸಿಂಗ್ ನಡೆಯುವ ಉಪನಗರದ ಸಾರಿಗೆ ಕಚೇರಿಯಲ್ಲಿ ಒಬ್ಬ ಮರಾಠಿ ಇನ್‌ಸ್ಪೆಕ್ಟರ್ ಇದ್ದರು. ಚಹಾ ಕೂಡ ತಮ್ಮದೇ ಫ್ಲಾಸ್ಕಿನದು ಕುಡಿಯುವವರು. ಅವರ ಪಾಳಿ ಎಂದರೆ ಉಳಿದ ಏಜೆಂಟರೆಲ್ಲ ಅಂದು ಬರುತ್ತಲೇ ಇರಲಿಲ್ಲ. ನಾನು ಕೇಳಿ ಕೇಳಿ ಅವರ ಪಾಳಿಯ ದಿನವನ್ನೇ ಹಿಡಿದೆ.

ಚಾಸಿ ನಂಬರಿನ ಅಚ್ಚು ತೆಗೆಯಲು ನಾನು ಸಾಂತಾಕ್ರೂಜಿಗೆ ಹೋದೆ. ನಂಬರು ಎಂಜಿನ್ ಗೂಡಿನಲ್ಲಿತ್ತು. ಸೀಮೆಎಣ್ಣೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು, ಮೆತ್ತನೆಯ ಪೆನ್ಸಿಲ್ ಉಜ್ಜಿ ಸ್ಪಷ್ಟವಾದ ಅಚ್ಚು ತೆಗೆದೆ. ನೆಲಮಹಡಿಯ ಕಿಟಕಿಯ ಒಳಗಿಂದ ಒಂದು ದನಿ ಬಂತು.

"ನಮ್ಮ ಮಂಚದ ಗಾಡಿ ರಿಪೇರಿ ಮಾಡೋರು ನೀವೇನಾ? ಒಳಗೆ ಬಾರಪ್ಪ, ಹುಳಿಯವಲಕ್ಕಿ ತಿಂದು ಹೋಗು."

ಸಾಹೇಬರ ಹೆಂಡತಿ. ಕಿಟಕಿಗೆ ಸೇರಿಸಿದ ಮಂಚದಲ್ಲಿ ಅಂಗಾತ ಮಲಗಿದ್ದರು. ತಲೆಯ ಮೇಲ್ಗಡೆ ಗೋಡೆಗೆ ಒಂದು ಕನ್ನಡಿ ಓರೆಯಾಗಿ ಕಟ್ಟಿತ್ತು, ಅದರಲ್ಲಿ ಅವರಿಗೆ ಅಂಗಳದ ಗಾಡಿ ಕಾಣುತ್ತಿತ್ತು. ನಾನು ನೆಲದ ಮೇಲೆ ಕೂತು ತಿಂದೆ.

"ನನ್ನ ಅಕ್ಕ ಮೈಸೂರಲ್ಲಿದ್ದಾಳೆ. ಅವಳಿಗೂ ಹಾಸಿಗೆಯೇ. ಅವಳು ಏಳೋ ಹಾಗಿಲ್ಲ, ನಾನು ಕೂರೋ ಹಾಗಿಲ್ಲ. ಇಬ್ಬರಲ್ಲಿ ಒಬ್ಬರಾದ್ರೂ ಚಕ್ರ ಕಟ್ಟಿಕೊಳ್ಳಬೇಕಲ್ಲ? ಅವಳು ದೊಡ್ಡವಳು, ಅದಕ್ಕೇ ನಾನು ಕಟ್ಟಿಕೊಂಡೆ" ಎಂದು ನಕ್ಕರು. ದಿಂಬಿನ ಕೆಳಗಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದು ತೋರಿಸಿದರು. "ನೋಡು, ಇನ್ನೂ ಅಕ್ಷರ ಹೇಗೆ ಬರೀತಾಳೆ! ಮುತ್ತು ಪೋಣಿಸಿದ ಹಾಗೆ."

ಅಕ್ಷರ ದುಂಡಗಿತ್ತು. ನಾನು ನೋಡಿ, ಚೆನ್ನಾಗೈತ್ರಿ ಅಮ್ಮಾರ ಅಂದು ಕೈ ತೊಳೆದುಕೊಂಡು ಬಂದೆ.

ಮೊದಲ ಸಲ ಗಾಡಿ ಕಚೇರಿಯ ತಪಾಸಣೆಯ ಮೈದಾನಕ್ಕೆ ಹೋದಾಗ ಎಡಗೈ ಸ್ಟಿಯರಿಂಗಿನ ಗಾಡಿಗೆ ಹಿಂಬದಿಯಲ್ಲಿ ದೊಡ್ಡದಾಗಿ ಹಾಗೆಂದು ಬರೆಸಿರಬೇಕಿತ್ತು, ಬಲಗಡೆಯ ಸಿಗ್ನಲ್ ದೀಪ ಸರಿಯಾಗಿ ಉರಿಯಬೇಕಿತ್ತು. ಎರಡೂ ನನಗೆ ಗೊತ್ತಿತ್ತು. ಸಾಹೇಬರು ಕೇಳಲಿಲ್ಲ, ನಾನು ಹೇಳಲಿಲ್ಲ. ಇನ್‌ಸ್ಪೆಕ್ಟರ್ ಗಾಡಿಯ ಸುತ್ತ ಒಂದು ಸುತ್ತು ಬಂದು, "ಪೇಂಟರ್ ಮಿಳಾಲಾ ನಾಹೀ ಕಾ?" ಎಂದು ನನ್ನನ್ನೇ ಕೇಳಿದರು. ಇಡೀ ಮುಂಬೈಯಲ್ಲಿ ಒಬ್ಬ ಪೇಂಟರ್ ಸಿಗಲಿಲ್ಲವೇ ಎಂದು. ನಾನು ತಲೆ ತಗ್ಗಿಸಿದೆ. ಫಾರ್ಮಿನ ಮೇಲೆ ಕೆಂಪು ಗೆರೆ ಬಿತ್ತು. ಮುಂದಿನ ತಾರೀಖಿಗೆ ಎರಡು ವಾರ.

"ಹೋಗಲಿ ಬಿಡು, ನಿಯಮ ನಿಯಮವೇ" ಅಂದರು ಸಾಹೇಬರು. ನನಗೆ ಬೇಜಾರಾಗಿರಬೇಕೆಂದು ಸಮಾಧಾನ ಬೇರೆ ಮಾಡಿದರು.

ಎರಡನೆಯ ಸಲದ್ದು ಆ ಎರಡು ಬಕೆಟ್ ನೀರು.

ಹಳೆಯ ನೋಂದಣಿ ಪುಸ್ತಕದಲ್ಲಿ ಆ ಗಾಡಿಯನ್ನು ಮೋಟಾರ್ ಕಾರು ಎಂದು ಬರೆದಿತ್ತು. ನಮ್ಮ ರೀತಿಯ ಪ್ರಕಾರ ಒಲೆ, ಸಿಂಕು ಎರಡನ್ನೂ ಬಿಚ್ಚಿ ಗ್ಯಾರೇಜಿನಲ್ಲಿಟ್ಟು, ಖಾಲಿ ವ್ಯಾನನ್ನು ತೋರಿಸಿ, ಪಾಸಾದ ಮೇಲೆ ಮತ್ತೆ ಕೂರಿಸಬೇಕಿತ್ತು. ಎಂಟು ಬೋಲ್ಟಿನ ಕೆಲಸ. ನಾನು ಬಿಚ್ಚಲಿಲ್ಲ. ಒಲೆಯನ್ನು ಉಜ್ಜಿ ಹೊಳೆಯುವ ಹಾಗೆ ಮಾಡಿದೆ, ಟ್ಯಾಂಕು ತುಂಬಿಸಿದೆ. ಬಾಡಿಯ ವಿವರ ಎಂಬ ಕಾಲಮ್ಮಿನಲ್ಲಿ 'ಮಂಚ, ಒಲೆ, ಸಿಂಕು ಸಹಿತ' ಎಂದು ದುಂಡಗೆ ಬರೆದೆ.

ಇನ್‌ಸ್ಪೆಕ್ಟರ್ ದೀಪ ನೋಡಿದರು, ಹಾರ್ನ್ ಒತ್ತಿದರು, ಸ್ಟಿಯರಿಂಗ್ ಅಲುಗಾಡಿಸಿ ನೋಡಿದರು. ಎಲ್ಲ ಸರಿ. ಬದಿಯ ಬಾಗಿಲು ಸರಿಸಿದರು. "ಹೇ ಕಾಯ್ ಆಹೆ? ಗಾಡೀ ಆಹೆ ಕೀ ಘರ್?" ಎಂದು ಹುಬ್ಬು ಏರಿಸಿದರು. ಇದೇನು, ಗಾಡಿಯೋ ಮನೆಯೋ?

ನಾನು ಮುಂದೆ ಬಂದು ಮರಾಠಿಯಲ್ಲೇ, "ಪಾಣೀ ಪಣ ಯೇತೆ, ಸಾಹೇಬ್" ಅಂದೆ; ನೀರೂ ಬರುತ್ತದೆ ಎಂದು ನಲ್ಲಿ ತಿರುಗಿಸಿ ತೋರಿಸಿದೆ. ನೀರು ಜೋರಾಗಿ ಬಂತು. ಸುತ್ತ ನಿಂತಿದ್ದ ಡ್ರೈವರುಗಳು ನಕ್ಕರು. ಒಬ್ಬ, "ಏಕ್ ಕಟಿಂಗ್ ದೇನಾ ಸೇಠ್!" ಎಂದು ಕೂಗಿ ಅರ್ಧ ಕಪ್ ಚಹಾ ಕೇಳಿದ. ಸಾಹೇಬರೂ ನಕ್ಕರು, ಪಾಪ.

ಇನ್‌ಸ್ಪೆಕ್ಟರ್ ನಗಲಿಲ್ಲ. ಒಲೆ ಇದೆ, ನೀರಿದೆ. ಹಾಗಾದರೆ ಇದು ಕಾರಲ್ಲ. ಸಂಚಾರಿ ಕ್ಯಾಂಟೀನಾಗಿದ್ದರೆ ವಾಣಿಜ್ಯ ವಾಹನ, ವರ್ಷ ವರ್ಷ ಪಾಸಿಂಗ್ ಆಗಬೇಕು, ತೆರಿಗೆಯ ದರವೇ ಬೇರೆ. ಸ್ವಂತ ಉಪಯೋಗದ ಕ್ಯಾಂಪರ್ ವ್ಯಾನ್ ಎಂಬ ಬೇರೆ ವರ್ಗವೊಂದು ಇದೆಯೆಂದು ಕೇಳಿದ್ದೇನೆ, ಮೇಲಿನವರು ತೀರ್ಮಾನಿಸಲಿ ಎಂದು ಬರೆದು ಫೈಲನ್ನು ಮಹಡಿಗೆ ಕಳಿಸಿದರು.

ಅಲ್ಲಿಂದ ಶುರುವಾಯಿತು ಸಾಹೇಬರ ಓಡಾಟ. ವರ್ಗ ಗೊತ್ತಾಗದೆ ತೆರಿಗೆ ತೆಗೆದುಕೊಳ್ಳುವುದಿಲ್ಲ ಎಂದಿತು ತೆರಿಗೆಯ ಖಿಡಕಿ. ತೆರಿಗೆಯ ರಸೀದಿ ಇಲ್ಲದೆ ಗಾಡಿ ಮುಟ್ಟುವುದಿಲ್ಲ ಎಂದಿತು ಮೈದಾನ. ಮಹಡಿಯವರು ಇನ್‌ಸ್ಪೆಕ್ಟರರ ವರದಿ ಕೇಳಿದರು. ಏಪ್ರಿಲ್ ಬಿಸಿಲಿನಲ್ಲಿ ಸಾಹೇಬರು ಈ ಖಿಡಕಿಯಿಂದ ಆ ಖಿಡಕಿಗೆ ಹೋದರು. ಅಂಗಿಯ ಬೆನ್ನು ನೆನೆದು ಅಂಟಿಕೊಂಡಿರುತ್ತಿತ್ತು. ಮಹಡಿಯ ಕೋಣೆಯ ಹೊರಗೆ ಒಂದು ಮರದ ಬೆಂಚು ಇತ್ತು. ಅದರ ಮೇಲೆ ಅವರನ್ನು ಮೂರು ದಿನ ಕೂರಿಸಲೇಬೇಕೆಂದು ನನ್ನ ಹಟ. ಎರಡನೆಯ ದಿನವೇ ಒಳಗಿನವರು ಕರೆಯುವ ಲಕ್ಷಣ ಕಂಡಾಗ, ನೆರೆಯ ಖಿಡಕಿಯಲ್ಲಿ ಇನ್ನೊಂದು ನಕಲು ಬೇಕಂತೆ ಎಂದು ಅವರನ್ನು ಕೆಳಗೆ ಕರೆದುಕೊಂಡು ಹೋದೆ. ನಕಲು ನಿಜವಾಗಿಯೂ ಬೇಕಿತ್ತು, ಆದರೆ ಆಗಲೇ ಬೇಕಿರಲಿಲ್ಲ. ಮೇಲೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಮೂರನೆಯ ದಿನ ಅವರು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದನ್ನು ನಾನು ಮೆಟ್ಟಿಲ ತಿರುವಿನಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಅಷ್ಟು ಹಿತವಾದದ್ದನ್ನು ನಾನು ಜೀವನದಲ್ಲಿ ಹೆಚ್ಚು ಸಲ ಅನುಭವಿಸಿಲ್ಲ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಕಡೆಗೆ ಅಫಿಡವಿಟ್ ಕೇಳಿದರು. ಈ ವಾಹನದಲ್ಲಿ ಬೇಯಿಸಿದ ಯಾವ ಪದಾರ್ಥವನ್ನೂ ಮಾರುವುದಿಲ್ಲ ಎಂದು ಸಾಹೇಬರು ಪ್ರಮಾಣ ಮಾಡಬೇಕು. ನಾನೇ ಟೈಪು ಮಾಡಿಸಿ ತಂದೆ. ಅವರು ಓದದೆ ಸಹಿ ಹಾಕಿದರು. ಪೆನ್ನು ಕಾಗದದ ಮೇಲಿತ್ತು, ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ಓದಲಿಲ್ಲಲ್ರೀ ಸಾಹೇಬ್ರ?" ಅಂದೆ.

"ನೀನು ನೋಡಿದೀಯಲ್ಲ, ಸಾಕು. ಸರ್ವಿಸಿನಲ್ಲಿದ್ದಾಗ ದಿನಕ್ಕೆ ನೂರು ಕಾಗದ ಹೀಗೇ ಕಣಯ್ಯಾ. ಎಲ್ಲಾ ಓದ್ತಾ ಕೂತಿದ್ರೆ ಮನೆ ಸೇರ್ತಿದ್ನಾ?"

ಆಗ ನನಗೆ ತಿಳಿಯಿತು, ಅಣ್ಣನ ಚೀಟಿಗೆ ಏನಾಗಿತ್ತೆಂದು. ಅವರಿಗೆ ನಮ್ಮ ಮೇಲೆ ಹಗೆ ಇರಲಿಲ್ಲ. ಹಗೆಯಿದ್ದಿದ್ದರೆ ಕನಿಷ್ಠ ನಮ್ಮನ್ನು ನೋಡಿದಂತಾದರೂ ಆಗುತ್ತಿತ್ತು. ಗಡಿಯಾರ ನೋಡುತ್ತ ನೋಡುತ್ತ ಅಣ್ಣನ ಬದುಕನ್ನು ತೆಗೆದಿದ್ದರು. ತಿಳಿದ ಮೇಲೆ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು.

ಆ ದಿನ ಸಂಜೆ ಖೋಲಿಯಲ್ಲಿ ಅಣ್ಣನಿಗೆ ಎಲ್ಲ ಹೇಳಿದೆ. ಕೇಳಿ ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನು ಡ್ಯೂಟಿಗೆ ಹೊರಡುವ ಮುಂಚೆ ಲಾಠಿಯ ತುದಿಗೆ ದಾರ ಸುತ್ತುತ್ತಿದ್ದ.

"ಬೆಂಚಿನ ಮ್ಯಾಗ ಕುಂತಿದ್ನಾ?"

"ಮೂರು ದಿನ. ಥೇಟ್ ನಿನ್ನಂಗ."

ಅವನ ಬಾಯಿಯ ಮೂಲೆಯಲ್ಲಿ ಒಂದು ನಗು ಬಂದು ಹೋಯಿತು. ಆಮೇಲೆ ಕೇಳಿದ, "ಗಾಡಿ ಯಾಕ ಬೇಕಂತ ಅವಗ?"

ಅವರ ಹೆಂಡತಿಯ ಸಂಗತಿ ಹೇಳಿದೆ. ದಾರ ಸುತ್ತುವುದು ನಿಂತಿತು.

"ತಮ್ಮಾ, ಆ ಹೆಣ್ಮಗಳು ನನಗೇನ್ ಮಾಡ್ಯಾಳ? ಸೇಡು ಇದ್ರ ಅದು ನಂದು. ನೀ ಯಾಕ ಅದರಾಗ ಕೈ ಹಾಕ್ತಿ?"

"ನಿನ್ನ ಕೈಲಿ ಆಗ್ಲಿಲ್ಲಲ, ಅದಕ್ಕ" ಅಂದೆ. ಅವನು ಎದ್ದು ಹೋದ.

ಈ ನಡುವೆ ನಾನು ಸಾಂತಾಕ್ರೂಜಿಗೆ ಎರಡು ಸಲ ಹೋಗಿದ್ದೆ. ಹೋದಾಗಲೆಲ್ಲ ಅವಲಕ್ಕಿಯೋ ಕಾಫಿಯೋ ಇರುತ್ತಿತ್ತು, ಮೈಸೂರಿನ ಪತ್ರವೂ ಇರುತ್ತಿತ್ತು. ಎರಡನೆಯ ಪತ್ರದಲ್ಲಿ ದುಂಡಕ್ಷರ ಇರಲಿಲ್ಲ. ಅಕ್ಕನ ಮಗಳು ಬರೆದಿದ್ದಳು, ಕೆಳಗೆ ಅಕ್ಕನ ಸಹಿ ಮಾತ್ರ ಇತ್ತು. ಮೂರನೆಯದರಲ್ಲಿ ಸಹಿಯೂ ಇರಲಿಲ್ಲ. ಅಮ್ಮ ಅದನ್ನು ನನ್ನ ಕೈಗೆ ಕೊಟ್ಟರು. ಕನ್ನಡಿಯಲ್ಲಿ ಗಾಡಿಯನ್ನು ನೋಡುತ್ತ, "ಇನ್ನೆಷ್ಟು ದಿನ ಆಗಬಹುದಪ್ಪಾ?" ಎಂದು ಕೇಳಿದರು.

"ಫೈಲು ಮಹಡಿ ಮ್ಯಾಗ ಐತ್ರಿ ಅಮ್ಮಾರ" ಅಂದೆ. ಅದು ನಿಜ. ಎಂಟು ಬೋಲ್ಟು ಬಿಚ್ಚಿದ್ದರೆ ಗಾಡಿ ಒಂದು ತಿಂಗಳ ಹಿಂದೆಯೇ ಮೈಸೂರಿನಲ್ಲಿರುತ್ತಿತ್ತು ಎಂಬುದೂ ನಿಜ. ಪತ್ರದ ಅಕ್ಷರ ಬದಲಾದದ್ದು ನನಗೆ ಕಾಣಲಿಲ್ಲ ಎಂದು ಹೇಳುವ ಹಾಗಿಲ್ಲ. ಅಕ್ಷರ ನೋಡುವುದೇ ನನ್ನ ಕಸುಬಾಗಿತ್ತು.

ಮೇ ಕೊನೆಯಲ್ಲಿ ವರ್ಗ ತೀರ್ಮಾನವಾಯಿತು. ಸ್ವಂತ ಉಪಯೋಗದ ಕ್ಯಾಂಪರ್. ತೆರಿಗೆಯ ಖಿಡಕಿ ರಸೀದಿ ಕೊಟ್ಟಿತು. ಉಳಿದದ್ದು ಬ್ರೇಕಿನ ಪರೀಕ್ಷೆ ಒಂದೇ.

ಹಿಂದಿನ ದಿನ ನಾಲ್ಕೂ ಚಕ್ರ ಬಿಚ್ಚಿ ಲೈನರ್ ನೋಡಿದೆ. ಚೆನ್ನಾಗಿತ್ತು. ಹಿಂಬದಿಯ ಪ್ಲೇಟಿನ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸುತ್ತ ಶೂಗಳನ್ನು ಡ್ರಮ್ಮಿಗೆ ತಾಗಿಸಿದೆ. ಮರುದಿನ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಮೈದಾನದ ಕೊನೆಯಲ್ಲಿ "ಮಾರ್!" ಅಂದರು, ಬ್ರೇಕ್ ಹೊಡಿ ಎಂದು. ಪೆಡಲ್ ಮುಟ್ಟಿದೆ. ಗಾಡಿ ಸುಣ್ಣದ ಗೆರೆಯ ಈಚೆಗೇ ನಿಂತಿತು, ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಅವರು ನನ್ನ ಮುಖ ನೋಡಿ, "ಹಾತ್ ಚಾಂಗಲಾ ಆಹೆ ತುಝಾ" ಅಂದರು. ನಿನ್ನ ಕೈ ಒಳ್ಳೆಯದು ಎಂದು. ಗಾಡಿ ಪಾಸಾಯಿತು.

ಸಾಹೇಬರು ನನ್ನ ಎರಡೂ ಕೈ ಹಿಡಿದುಕೊಂಡರು. "ನಾಳೆ ಬೆಳಿಗ್ಗೆಯೇ ಹೊರಡ್ತೀವಿ. ನಾನು ಈಗ ಮನೆಗೆ ಹೋಗಿ ತಯಾರಿ ನೋಡ್ತೀನಿ. ಪಾಸಿಂಗ್ ಬ್ರೇಕ್ ಇಳಿಸಿ ಸಂಜೆಯೊಳಗೆ ಗಾಡಿ ತಂದುಬಿಡು." ಅವರೂ ಬಸ್ಸು ಲಾರಿ ನೋಡಿದವರೇ, ಗೊತ್ತಿತ್ತು. ಗ್ಯಾರೇಜಿನ ಡೆಲಿವರಿ ಚೀಟಿ ತೆಗೆದುಕೊಟ್ಟೆ. 'ಬ್ರೇಕ್ ಸರಿಯಾಗಿ ಹೊಂದಿಸಲಾಗಿದೆ, ಪರೀಕ್ಷಿಸಿ ಪಡೆದಿದ್ದೇನೆ' ಎಂದು ಅಚ್ಚಾಗಿತ್ತು. ಕೆಲಸ ಆಗುವ ಮುಂಚೆಯೇ ಸಹಿ ಹಾಕಿದರು. ಎರಡು ಗೆರೆ, ಒಂದು ಚುಕ್ಕೆ. ಕಣ್ಣು ಕೈಗಡಿಯಾರದ ಮೇಲೆ. ಆಟೋ ಹತ್ತಿ ಹೋದರು.

ಆ ಚೀಟಿ ಕೈಯಲ್ಲಿ ಹಿಡಿದು ನಾನು ನಿಂತೇ ಇದ್ದೆ. ದೇವರೇ ತಂದುಕೊಟ್ಟ ಹಾಗಿತ್ತು. ಬ್ರೇಕ್ ಸರಿ ಇತ್ತೆಂದು ಅವರದೇ ಸಹಿ. ನಾನು ಏನೂ ಮಾಡಬೇಕಾಗಿರಲಿಲ್ಲ, ಮಾಡಬೇಕಾದದ್ದನ್ನು ಬಿಟ್ಟರೆ ಸಾಕಾಗಿತ್ತು. ಪುಣೆ ದಾಟಿ ಸಾತಾರಾದ ದಾರಿಯಲ್ಲಿ ಘಾಟು ಇಳಿಯುವಾಗ ಅವರ ಪೆಡಲೂ ಅಣ್ಣನ ಪೆಡಲಿನ ಹಾಗೆ ನೆಲಕ್ಕೆ ಹೋಗಲಿ. ಹೀಗೆ ಯೋಚಿಸಿದೆ. ಯೋಚಿಸಿ, ಚೀಟಿಯನ್ನು ಜೇಬಿಗಿಟ್ಟು, ಬ್ರೇಕ್ ಇಳಿಸದೆ, ಒಂದು ಚಹಾ ಕುಡಿದು, ಗಾಡಿಯನ್ನು ಸಾಂತಾಕ್ರೂಜಿನ ಕಡೆ ತಿರುಗಿಸಿದೆ.

ಅರ್ಧ ದಾರಿಯ ಒಂದು ಸಿಗ್ನಲಿನಲ್ಲಿ ಕೆಂಪು ಬಿತ್ತು. ಪೆಡಲ್ ಮುಟ್ಟಿದೆ, ಗಾಡಿ ಗಕ್ಕನೆ ನಿಂತಿತು, ಹಿಂದೆ ಏನೋ ಪಟ್ ಎಂದು ಹೊಡೆಯಿತು. ತಿರುಗಿ ನೋಡಿದೆ. ಮಂಚದ ಅಂಚಿನಿಂದ ಮೂರು ಪಟ್ಟಿಗಳು ಜೋಲುತ್ತಿದ್ದವು. ಹಳೆಯ ಸೀರೆಗಳನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ತುದಿಗೆ ಕಬ್ಬಿಣದ ಬಕಲ್ ಹಾಕಿದ ಪಟ್ಟಿಗಳು. ಬ್ರೇಕ್ ಹಾಕಿದಾಗ ಅಮ್ಮ ಉರುಳಬಾರದೆಂದು ಸಾಹೇಬರು ಮಾಡಿಸಿದ್ದು. ಎದೆಗೊಂದು, ಸೊಂಟಕ್ಕೊಂದು, ಮೊಣಕಾಲಿಗೊಂದು. ಬಕಲಿನ ಒಳಗಡೆ ಒತ್ತದಂತೆ ಹತ್ತಿ ಸುತ್ತಿದ್ದರು.

ನಾಳೆ ಅಮ್ಮನನ್ನು ಇವುಗಳಲ್ಲಿ ಕಟ್ಟಿ ಮಲಗಿಸಿರುತ್ತಾರೆ. ಘಾಟಿನಲ್ಲಿ ಸಾಹೇಬರಿಗೆ ಬಾಗಿಲು ತೆರೆದು ಹಾರಲಾದರೂ ಆದೀತು. ಆಕೆಗೆ ಆ ಬಕಲ್ ಬಿಚ್ಚಲೂ ಆಗುವುದಿಲ್ಲ.

ಹಿಂದಿನ ಟ್ಯಾಕ್ಸಿಯವನು ಹಾರ್ನ್ ಬಾರಿಸಿ ಬೈದಾಗ ಎಚ್ಚರಾಯಿತು. ಡ್ರಮ್ಮಿನ ಸುಟ್ಟ ವಾಸನೆ ಆಗಲೇ ಒಳಗೆ ಬಂದಿತ್ತು. ಗಾಡಿಯನ್ನು ರಸ್ತೆಯ ಬದಿಗೆ ಹಾಕಿದೆ. ಜಾಕ್ ಹಾಕಿ ಕೆಳಗೆ ತೂರಿ, ಒಂದೊಂದು ಚಕ್ರದ ಹಲ್ಲನ್ನೂ ಹಿಂದಕ್ಕೆ ತಿರುಗಿಸಿ, ಕೈಯಿಂದ ಚಕ್ರ ತಿರುವಿ ನೋಡಿ ನೋಡಿ ಇಳಿಸಿದೆ. ಮುಂದಿನ ಡ್ರಮ್ ಮುಟ್ಟಿ ಬೆರಳು ಸುಟ್ಟುಕೊಂಡೆ. ಒಂದು ಗಂಟೆಗೂ ಮೇಲಾಯಿತು. ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡಾಗ, 'ಹೋಗು, ಕ್ಷಮಿಸಿದೆ' ಎಂದು ಹೇಳುವ ದೊಡ್ಡಸ್ತಿಕೆ ನನ್ನಲ್ಲಿ ಬಂದಿತ್ತು. ಅದೇ ದೊಡ್ಡಸ್ತಿಕೆಯಲ್ಲಿ ಸೊಸೈಟಿಯ ಗೇಟಿನೊಳಗೆ ಗಾಡಿ ತಂದೆ.

ಬಾಗಿಲ ಮುಂದೆ ಹತ್ತಾರು ಜೊತೆ ಚಪ್ಪಲಿಗಳಿದ್ದವು.

ಮಧ್ಯಾಹ್ನ ಮೈಸೂರಿನಿಂದ ಫೋನು ಬಂದಿತ್ತಂತೆ. ಸಾಹೇಬರು ಮೈದಾನದಿಂದ ಮನೆ ಸೇರುವ ಹೊತ್ತಿಗೆ ಅಮ್ಮನ ಅಕ್ಕ ತೀರಿಕೊಂಡಿದ್ದರು. ಅವರು ಹೊಸಿಲ ಮೇಲೆ ಕೂತಿದ್ದರು, ನನ್ನನ್ನು ನೋಡಿ ಏಳಲಿಲ್ಲ. ಒಳಗಿಂದ ದನಿ ಬಂತು. ಅಮ್ಮ ಕನ್ನಡಿಯಲ್ಲಿ ಗಾಡಿ ಬಂದದ್ದನ್ನು ನೋಡಿದ್ದರು.

"ಬಂದ್ಯಾಪ್ಪಾ? ಪಾಸಾಯ್ತಾ?"

"ಆತ್ರಿ ಅಮ್ಮಾರ."

"ಬ್ರೇಕು ಚೆನ್ನಾಗಿ ಹಿಡಿಯುತ್ತಾ?"

"ಹಿಡೀತೈತ್ರಿ."

ಬೀಗದ ಕೈ ಕೊಡಲು ಕಿಟಕಿಯ ಬಳಿ ಹೋದಾಗ ಅವರ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು. "ಕೈಗೇನಾಯ್ತು, ಸುಟ್ಟಿದೆಯಲ್ಲ? ಅಡುಗೆಮನೆಯಲ್ಲಿ ತುಪ್ಪ ಇದೆ, ಹಚ್ಚಿಕೊ." ಆಮೇಲೆ ಅಂದರು, "ಇನ್ನು ಅವಸರ ಇಲ್ಲ ಬಿಡು."

ತುಪ್ಪ ಹಚ್ಚಿಕೊಳ್ಳಲಿಲ್ಲ. ಬೀಗದ ಕೈ ಕಿಟಕಿಯ ಮೇಲಿಟ್ಟು ಬಂದೆ.

ಮಳೆ ಹಿಡಿದ ಮೇಲೆ ಒಂದು ದಿನ ಸಾಹೇಬರು ಕೊಡೆ ಹಿಡಿದು ಬೈಕುಲ್ಲಾಕ್ಕೆ ಬಂದರು. ಗಾಡಿಯನ್ನು ಓಡಿಸುವುದಿಲ್ಲ, ಸೊಸೈಟಿಯಲ್ಲೇ ನಿಂತಿರುತ್ತದೆ, ಏನು ಮಾಡಬೇಕು ಎಂದು ಕೇಳಿದರು. ಓಡಿಸದ ಗಾಡಿಗೆ ತೆರಿಗೆ ಬೀಳಬಾರದೆಂದರೆ ಕಚೇರಿಗೆ ಮುಂಚಿತವಾಗಿ ನಾನ್-ಯೂಸ್ ಎಂಬ ಫಾರ್ಮು ಕೊಡಬೇಕು. ಗಾಡಿ ಎಲ್ಲಿ ನಿಂತಿರುತ್ತದೆ, ಎಷ್ಟು ದಿನ, ಯಾಕೆ ಎಂದು ಬರೆಯಬೇಕು. ನಾನು ಫಾರ್ಮು ತೆಗೆದೆ. ನಾನು ಬರೆಯುವ ಮುಂಚೆಯೇ ಅವರು ಕೆಳಗೆ ಸಹಿ ಹಾಕಿದರು. ಈ ಸಲ ಗಡಿಯಾರ ನೋಡಲಿಲ್ಲ, ಮಳೆ ನೋಡುತ್ತ ಹಾಕಿದರು.

ಕಾರಣ ಎಂಬ ಕಾಲಮ್ಮಿಗೆ ಬಂದು ನನ್ನ ಪೆನ್ನು ನಿಂತಿತು. "ಏನ್ ಬರೀಲ್ರೀ ಸಾಹೇಬ್ರ?"

"ಏನಾದ್ರೂ ಬರಿಯಯ್ಯಾ. ನೀನು ಎಷ್ಟು ಓಡಾಡಿದೆ ನಮಗೋಸ್ಕರ. ನಮ್ಮ ಹಣೆಬರಹಕ್ಕೆ ನೀನೇನು ಮಾಡ್ತೀಯ?"

ಒಂದೇ ಸಾಲಿನಷ್ಟು ಜಾಗವಿತ್ತು. ನಿಜವಾದ ಕಾರಣ ಬರೆಯಲು ಅಷ್ಟು ಸಾಕಾಗಿತ್ತು, ನನ್ನ ಹೆಸರು ಚಿಕ್ಕದು. ನಾನು 'ದುರಸ್ತಿಗಾಗಿ' ಎಂದು ಬರೆದೆ. ದುರಸ್ತಿ ಮಾಡಲು ಆ ಗಾಡಿಯಲ್ಲಿ ಏನೂ ಉಳಿದಿರಲಿಲ್ಲ. ಅಷ್ಟು ದಪ್ಪ ಫೈಲಿನಲ್ಲಿ ನಾನು ಬರೆದ ಸುಳ್ಳು ಅದೊಂದೇ.

ಸಾಹೇಬರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಅವರಿಗೆ ಆ ಬೆಂಚು ಸಲ್ಲಬೇಕಾದದ್ದೇ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಅಮ್ಮನ ಮುಂದೆ ಹೋಗಿ ಹೇಳಬೇಕೆಂದು ಎಷ್ಟೋ ಸಲ ಸಾಂತಾಕ್ರೂಜಿನ ಲೋಕಲ್ ಹತ್ತಿದ್ದೆ. ಒಂದು ಸಲ ಸೊಸೈಟಿಯ ಗೇಟಿನವರೆಗೂ ಹೋದೆ. ಕನ್ನಡಿಯಲ್ಲಿ ಕಾಣಿಸಿಕೊಂಡೇನು ಎಂದು ಗೋಡೆಯ ಮರೆಯಲ್ಲೇ ನಿಂತು ವಾಪಸು ಬಂದೆ. ಈಗ ಅವರಿಬ್ಬರೂ ಇಲ್ಲ. ಅಣ್ಣನೂ ಇಲ್ಲ.

ಡೆಲಿವರಿ ಚೀಟಿಯನ್ನು ಅಣ್ಣನ ಚೀಟಿಯ ಜೊತೆಗೆ ಟ್ರಂಕಿನಲ್ಲೇ ಇಟ್ಟಿದ್ದೇನೆ. ಎರಡರ ಮೇಲೂ ಬ್ರೇಕ್ ಸರಿ ಇದೆ ಎಂದಿದೆ, ಎರಡರ ಕೆಳಗೂ ಅದೇ ಎರಡು ಗೆರೆ, ಒಂದು ಚುಕ್ಕೆ. ನಾನು ಬರೆದ ಆ ಒಂದು ಪದ ಮಾತ್ರ ನನ್ನ ಹತ್ತಿರ ಇಲ್ಲ, ಅದು ಕಚೇರಿಯ ಫೈಲಿನಲ್ಲಿ ಉಳಿಯಿತು. ಸಾಹೇಬರು ಓದದೆ ಬರೆದರು. ನಾನು ಎಲ್ಲ ಓದಿ, ತಿಳಿದೇ ಬರೆದೆ.